ಸತ್ಯಾಂಶ: ಮನೆಗೆ ಬೆಲೆ ಏರಿಸಿ ಹೇಳಿದರೆ ನಷ್ಟವೇನೂ ಇಲ್ಲವೇ?

"ಮನೆ ಮಾರುವಾಗ ಮೊದಲು ಬೆಲೆ ಏರಿಸಿ ಹೇಳಿ. ಯಾರೂ ಬರದಿದ್ದರೆ ಆಮೇಲೆ ಇಳಿಸಿದರಾಯ್ತು." ಹೀಗೊಂದು ಸಂದೇಶ ಆಗಾಗ ಫಾರ್ವರ್ಡ್ ಆಗಿ ಬರುತ್ತದೆ. ಕೇಳೋಕೆ ಸರಿ ಅನಿಸುತ್ತದೆ, ಅಲ್ವಾ? ಆದರೆ ಲೆಕ್ಕ ಹಾಗಿಲ್ಲ.

ಸಾಮಾನ್ಯವಾಗಿ ಜಾಸ್ತಿ ಜನ ವಿಚಾರಿಸುವುದು ಮೊದಲ ಕೆಲವು ವಾರಗಳಲ್ಲೇ. ಆ ಭಾಗದಲ್ಲಿ ಮನೆಗಾಗಿ ಕಾದು ಕುಳಿತವರು ಇವರು. ಹತ್ತಾರು ಮನೆ ನೋಡಿರುವುದರಿಂದ ಇವರಿಗೆ ಬೆಲೆಯ ಅಂದಾಜು ಚೆನ್ನಾಗಿಯೇ ಇರುತ್ತದೆ. ಜಾಸ್ತಿ ಅನಿಸಿದರೆ ಚೌಕಾಸಿಗೂ ನಿಲ್ಲದೆ ಸುಮ್ನೆ ಮುಂದೆ ಹೋಗುತ್ತಾರೆ. ತಿಂಗಳುಗಟ್ಟಲೆ ಮಾರಾಟವಾಗದ ಮನೆಯ ಬೆಲೆ ಇಳಿದಾಗ ಹೊಸಬರಿಗೆ ಅನುಮಾನ: ದಾಖಲೆಯಲ್ಲಿ ತೊಡಕಿದೆಯಾ? ಚಾವಣಿ ಸೋರುತ್ತದಾ? ಕೊನೆಗೆ ಸರಿಯಾದ ಬೆಲೆಗಿಂತಲೂ ಕಡಿಮೆಗೆ ಕೊಡಬೇಕಾಗಿ ಬರಬಹುದು.

ಸಾಲದ ವಿಷಯವೂ ಇದೆ. ಬ್ಯಾಂಕ್ ತನ್ನದೇ ಮೌಲ್ಯಮಾಪನ ಮಾಡಿಸುತ್ತದೆ. ಅದು ಕಡಿಮೆ ಬಂದರೆ ಉಳಿದ ಹಣವನ್ನು ಕೊಳ್ಳುವವರೇ ಹೊಂದಿಸಬೇಕು. ಮಾತು ಮುಗಿದ ವ್ಯವಹಾರ ಅಲ್ಲೇ ಮುರಿಯುವುದುಂಟು.

ಪಕ್ಕದವರು ಎಷ್ಟು ಕೇಳುತ್ತಿದ್ದಾರೆ ಎಂಬುದು ಅಳತೆಗೋಲಲ್ಲ. ಈಚಿನ ತಿಂಗಳುಗಳಲ್ಲಿ ಅದೇ ಸುತ್ತಮುತ್ತ, ಅಷ್ಟೇ ಅಳತೆಯ, ಅಷ್ಟೇ ಹಳೆಯ ಮನೆಗಳು ನಿಜವಾಗಿ ಎಷ್ಟಕ್ಕೆ ಹೋದವು ನೋಡಿ. ಚೌಕಾಸಿಗೆಂದು ಸ್ವಲ್ಪ ಮೇಲಿಡುವುದು ಬೇರೆ ಮಾತು, ಅದರಲ್ಲಿ ತಪ್ಪೇನಿಲ್ಲ.