ತಿಹುವಾನಾದಲ್ಲಿ ಒತ್ತುವರಿದಾರ ಯಾರು?

ಸ್ಯಾನ್ ಡಿಯಾಗೋದಲ್ಲಿರುವ ನಮ್ಮ ಕನ್ನಡದ ಮಂದಿಗೆ ಗಡಿಯಾಚೆಯ ಮೆಕ್ಸಿಕೋದ ಊರು ತಿಹುವಾನಾ ಅಂದರೆ ಒಂದೇ ಬೀದಿ: ಅವೆನಿದಾ ರೆವೊಲುಸಿಯೋನ್. ಬಾರ್ಡರ್ ದಾಟಿ, ಟ್ಯಾಕೋ ತಿಂದು, ಜೀಬ್ರಾ ಪಟ್ಟೆ ಬಳಿಸಿಕೊಂಡ ಕತ್ತೆಯ ಪಕ್ಕ ಫೋಟೋ ಹೊಡೆಸಿಕೊಂಡು ಸಂಜೆಯೊಳಗೆ ವಾಪಸ್. ಇಷ್ಟು ನೋಡಿ ಆ ಊರನ್ನು ಅಳೆಯುವುದು, ಮೆಜೆಸ್ಟಿಕ್ಕಿನಲ್ಲಿ ಬಸ್ಸಿಳಿದು ಅಲ್ಲಿಂದಲೇ ಹಿಂತಿರುಗಿದವನು ಬೆಂಗಳೂರಿನ ಬಗ್ಗೆ ಭಾಷಣ ಮಾಡಿದ ಹಾಗೆ. ಆ ಬೀದಿ ರಂಗೇರಿದ್ದೇ 1920ರ ದಶಕದಲ್ಲಿ, ಅಮೆರಿಕದಲ್ಲಿ ಪಾನನಿಷೇಧ ಇದ್ದಾಗ, ಈಚೆಯವರು ಕುಡಿಯಲು ಆಚೆ ಹೋಗಿದ್ದರಿಂದ. 2020ರ ಜನಗಣತಿಯಲ್ಲಿ 19 ಲಕ್ಷ ದಾಟಿದ್ದ ಆ ಊರಿನ ಬಹುಪಾಲು ಜನ ಇರುವುದು ಗುಡ್ಡಗಳ ಮೇಲೆ, ಕೊರಕಲುಗಳ ಒಳಗೆ.

ಊರು ಹೇಗೆ ಹಂಚಿಹೋಗಿದೆ ಅನ್ನುವುದಕ್ಕೆ ಸೋನಾ ರಿಯೋ ಅನ್ನುವ ಬಡಾವಣೆ ನೋಡಬೇಕು. ಹೆಸರೇ ಹೇಳುವಂತೆ ಅದು ನದಿಯ ಜಾಗ. ಈಗ ಅಲ್ಲಿ ಮಾಲು, ಆಸ್ಪತ್ರೆ, ಅಗಲವಾದ ರಸ್ತೆ, ಒಂದು ವೃತ್ತದಲ್ಲಿ ಅಬ್ರಹಾಂ ಲಿಂಕನ್ ಪ್ರತಿಮೆ (ಮೆಕ್ಸಿಕೋದಲ್ಲಿ ಲಿಂಕನ್ ಅಂದರೆ ಗೌರವ, ಆಶ್ಚರ್ಯ ಬೇಡ), 1982ರಲ್ಲಿ ತೆರೆದ ದೊಡ್ಡ ಚೆಂಡಿನಾಕಾರದ ಸಾಂಸ್ಕೃತಿಕ ಕೇಂದ್ರ. ಅದಕ್ಕೆ ಮೊದಲು ಅಲ್ಲಿದ್ದದ್ದು ಕಾರ್ತೊಲಾಂದಿಯಾ, ರಟ್ಟು, ಹಲಗೆ, ತಗಡಿನ ಗುಡಿಸಲುಗಳ ಕೇರಿ. ಪ್ರವಾಹದ ಅಪಾಯ ಅಂತ 1970ರ ದಶಕದಲ್ಲಿ ಅವರನ್ನು ಎಬ್ಬಿಸಿ, ನದಿಗೆ ಕಾಂಕ್ರೀಟ್ ಕಾಲುವೆ ಕಟ್ಟಿ, ಅಕ್ಕಪಕ್ಕದ ನೆಲವನ್ನು ಊರಿನ ದುಬಾರಿ ಜಾಗ ಮಾಡಿದರು. ಅಪಾಯ ಇದ್ದದ್ದು ಸುಳ್ಳಲ್ಲ. ಆದರೆ ಕಾಲುವೆ ಆದಮೇಲೆ ಸುರಕ್ಷಿತವಾದ ಆ ನೆಲ ಅಲ್ಲಿದ್ದವರ ಪಾಲಿಗೆ ಬರಲಿಲ್ಲ. ಮುಂದೆ ಅಮೆರಿಕದಿಂದ ಗಡೀಪಾರಾದವರು ಅದೇ ಕಾಲುವೆಯೊಳಗೆ ಬಿಡಾರ ಹೂಡಿದರು. 2015ರಲ್ಲಿ ಅವರನ್ನೂ ಎಬ್ಬಿಸಲಾಯಿತು.

1965ರ ನಂತರ ಗಡಿಯಲ್ಲಿ ಮಾಕಿಲದೋರಾ ಕಾರ್ಖಾನೆಗಳು, ಅಂದರೆ ಹೊರಗಿನಿಂದ ಬಿಡಿಭಾಗ ತರಿಸಿ ಜೋಡಿಸಿ ರಫ್ತು ಮಾಡುವ ಕಾರ್ಖಾನೆಗಳು, ಬಂದವು. ಊರಿನ ಓತಾಯ್ ಕಡೆ ಟಿವಿ ಜೋಡಿಸುವ ಕೆಲಸಕ್ಕೆ ದೂರದ ರಾಜ್ಯಗಳಿಂದ ಜನ ಬಂದರು. ಕಾರ್ಖಾನೆಗೆ ಶೆಡ್ಡು ಎದ್ದಿತು, ಕೆಲಸಗಾರರಿಗೆ ಮನೆ ಏಳಲಿಲ್ಲ. ಅವರೇ ಗುಡ್ಡ ಹತ್ತಿ ಕಟ್ಟಿಕೊಂಡರು. ಲಾಸ್ ಲಾರೆಲೆಸ್ ಕೊರಕಲಿನಲ್ಲಿ ನಿಂತು ನೋಡಿದರೆ ಮನೆ ಕೂತಿರುವುದೇ ಹಳೇ ಟೈರುಗಳ ಮೇಲೆ. ಮಣ್ಣು ಗಿಡಿದು ಇಟ್ಟಿಗೆ ವರಸೆಯಂತೆ ಪೇರಿಸಿದ ಟೈರು, ಮನೆಗೆ ಹತ್ತುವ ಮೆಟ್ಟಿಲೂ ಟೈರೇ. ಚಾವಣಿಯ ಮೇಲೆ ಮುಂದಿನ ಮಹಡಿಗೆಂದು ಚಾಚಿಕೊಂಡ ತುಕ್ಕು ಹಿಡಿದ ಕಂಬಿಗಳು. ನಮ್ಮ ಯಾವ ಬಡಾವಣೆಯಲ್ಲಿ ಅವಿಲ್ಲ? ಟೈರುಗಳಲ್ಲಿ ಬಹಳಷ್ಟು ಕ್ಯಾಲಿಫೋರ್ನಿಯಾದವು, ಇಲ್ಲಿ ಸವೆದು ಅಲ್ಲಿಗೆ ಮಾರಾಟವಾದವು. ಜೋರು ಮಳೆ ಬಂದಾಗ ಕೆಲವು ಕೊಚ್ಚಿಕೊಂಡು ಗಡಿಯ ಈಚೆಗೇ ಬಂದು ಬೀಳುತ್ತವೆ, ಆಗ ನಮ್ಮ ನೆರೆಹೊರೆಯವರು "ಮೆಕ್ಸಿಕೋದ ಕಸ" ಅನ್ನುತ್ತಾರೆ.

ಮನೆ ಮೊದಲು, ಹಕ್ಕುಪತ್ರ ಆಮೇಲೆ, ನಲ್ಲಿ ಅದಕ್ಕೂ ಆಮೇಲೆ. ಅಲ್ಲಿಯವರೆಗೆ ಬಾಗಿಲಲ್ಲಿ ನೀಲಿ ಡ್ರಮ್ಮು, ಟ್ಯಾಂಕರಿನ ಹಾರ್ನಿಗೆ ಕಾಯುವುದು. ರೆವೆನ್ಯೂ ಸೈಟು, ಬಿ ಖಾತೆ, ಅಕ್ರಮ ಸಕ್ರಮ ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನೀರಿನ ಪಾಡೂ ಒಂದೇ. ಬೆಂಗಳೂರಿಗೆ ಕಾವೇರಿಯನ್ನು ಸುಮಾರು 100 ಕಿಲೋಮೀಟರ್ ದೂರದಿಂದ 500 ಮೀಟರಿನಷ್ಟು ಮೇಲೆತ್ತಿ ತರುತ್ತೇವೆ. ತಿಹುವಾನಾ ಕೊಲರಾಡೋ ನದಿಯನ್ನು ಬೆಟ್ಟಸಾಲು ದಾಟಿಸಿ 1,000 ಮೀಟರಿಗೂ ಮೇಲೆ ಎತ್ತುತ್ತದೆ. ಅಷ್ಟು ಎತ್ತರ ಹತ್ತಿದ ನೀರಿಗೆ ಕೊನೆಯ ಗುಡ್ಡ ಹತ್ತಲು ಮಾತ್ರ ಆಗುವುದಿಲ್ಲ.

ಆದರೂ ಒಂದು ವಿಷಯದಲ್ಲಿ ನಾವೇ ಹೆಚ್ಚು ಜಾಣರು. 2022ರ ಸೆಪ್ಟೆಂಬರಿನಲ್ಲಿ ಯಮಲೂರು, ಬೆಳ್ಳಂದೂರಿನ ಕಡೆ ವಿಲ್ಲಾಗಳಿಗೆ ನೀರು ನುಗ್ಗಿ ಜನ ಟ್ರ್ಯಾಕ್ಟರ್ ಹತ್ತಿ ಹೊರಬಂದರು. ಮುಂದೆ ರಾಜಕಾಲುವೆ ಒತ್ತುವರಿಯ ತೆರವು ನಡೆದದ್ದು ಸ್ವಲ್ಪ, ಸರ್ವೆ, ನೋಟಿಸು, ಕೋರ್ಟು ಅಂತ ನಿಂತದ್ದೇ ಜಾಸ್ತಿ. ತಿಹುವಾನಾದಲ್ಲಿ ಬಡವರನ್ನು ಎಬ್ಬಿಸುವ ಮುಂಚೆ ನದಿಯ ದಂಡೆಯಲ್ಲಿ ಶ್ರೀಮಂತರು ಇರಲಿಲ್ಲ. ನಾವು ರಾಜಕಾಲುವೆಯ ಮೇಲೆ ನೇರವಾಗಿ ಕ್ಲಬ್ ಹೌಸ್ ಕಟ್ಟಿ, ಬ್ಯಾಂಕ್ ಲೋನೂ ಕೊಡಿಸಿ, ಪಕ್ಕದ ಶೆಡ್ಡಿನವನನ್ನು ಮಾತ್ರ ಒತ್ತುವರಿದಾರ ಅಂದೆವು.