ಚರ್ಚಿಸಲಾಯಿತು, ಗಮನಿಸಲಾಯಿತು, ನುಂಗಲಾಯಿತು

ನಿರ್ದೇಶಕ ಮಂಡಳಿಯ ನಡಾವಳಿ ಪುಸ್ತಕದ ಪುಟಗಳಿಗೆ ಸಾಲಾಗಿ ಸಂಖ್ಯೆ ಹಾಕಿಲ್ಲವೆಂಬ ಕಾರಣಕ್ಕೆ ಕಂಪನಿಗಳ ರಿಜಿಸ್ಟ್ರಾರರು ದಂಡ ವಿಧಿಸಿದ ಆದೇಶಗಳು ಆಗಾಗ ಹೊರಬೀಳುತ್ತಿರುತ್ತವೆ. ಅಂಥದೊಂದನ್ನು ಓದಿದ ದಿನ, ಈ ದೇಶದ ಹೂಡಿಕೆದಾರನ ಹಣ ಭದ್ರವಾಗಿದೆಯೆಂಬ ಭರವಸೆಯಲ್ಲಿ ನನಗೆ ಗಾಢವಾದ ನಿದ್ದೆ ಹತ್ತುತ್ತದೆ. 2013ರ ಕಂಪನಿ ಕಾಯ್ದೆಯ 118ನೇ ಕಲಮು ಮತ್ತು ಅದರ ಬೆನ್ನಿಗಿರುವ ನಿಯಮಗಳ ಪ್ರಕಾರ ಸಭೆ ಮುಗಿದ 30 ದಿನಗಳೊಳಗೆ ನಡಾವಳಿಯು ಪುಸ್ತಕಕ್ಕೆ ಏರಬೇಕು, ಪುಟಪುಟಕ್ಕೂ ಸಹಿಯೋ ಕಿರುಸಹಿಯೋ ಬೀಳಬೇಕು, ಬೇರೆಡೆ ಬರೆದ ಹಾಳೆಯನ್ನು ತಂದು ಅಂಟಿಸುವಂತಿಲ್ಲ. ತಪ್ಪಿದರೆ ಕಂಪನಿಗೆ 25,000 ರೂಪಾಯಿ, ತಪ್ಪಿತಸ್ಥ ಅಧಿಕಾರಿಗೆ 5,000 ರೂಪಾಯಿ ದಂಡ. ಗೋಂದಿನ ಅಪಾಯವನ್ನು ಇಷ್ಟು ಮುಂಚಿತವಾಗಿ ಕಂಡುಕೊಂಡ ಶಾಸನಕರ್ತರಿಗೆ ನಮಸ್ಕಾರ.

ಪುಸ್ತಕದ ಒಳಗೆ ಏನಿರಬೇಕೆಂಬುದಕ್ಕೂ ಕಟ್ಟಳೆಯಿದೆ. 2015ರ ಜುಲೈ 1ರಿಂದ ಕಡ್ಡಾಯವಾಗಿರುವ, ಮಂಡಳಿ ಸಭೆಗಳ ರೀತಿನೀತಿಯನ್ನು ಗೊತ್ತುಪಡಿಸುವ ಸೆಕ್ರೆಟೇರಿಯಲ್ ಮಾನದಂಡದಂತೆ ನಡಾವಳಿಯನ್ನು ಪ್ರಥಮ ಪುರುಷದಲ್ಲಿಯೂ ಭೂತಕಾಲದಲ್ಲಿಯೂ ಬರೆಯಬೇಕು, ಠರಾವಿಗೆ ಮಾತ್ರ ವರ್ತಮಾನಕಾಲ. ಅಲ್ಲಿಗೆ ಮಂಡಳಿಯ ಪುಸ್ತಕದಲ್ಲಿ ಉತ್ತಮ ಪುರುಷನಿಗೆ ಜಾಗವಿಲ್ಲವೆಂಬುದು ಅಧಿಕೃತವಾದಂತಾಯಿತು. ಕರ್ಮಣಿ ಪ್ರಯೋಗ ಕನ್ನಡದ ಜಾಯಮಾನಕ್ಕೆ ಒಗ್ಗುವುದಿಲ್ಲ, ‘ರಾಮನಿಂದ ರಾವಣನು ಕೊಲ್ಲಲ್ಪಟ್ಟನು’ ಎಂದು ಯಾವ ಅಜ್ಜಿಯೂ ಕಥೆ ಹೇಳುವುದಿಲ್ಲ ಎಂದು ನಮ್ಮ ಪ್ರೌಢಶಾಲೆಯ ಕನ್ನಡ ಮೇಷ್ಟ್ರು ಗದರುತ್ತಿದ್ದರು. ನಡಾವಳಿ ಬರೆಯುವವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ರಾಮನನ್ನೇ ಕೈಬಿಟ್ಟಿದ್ದಾರೆ. ಲೆಕ್ಕಪತ್ರವನ್ನು ಮಂಡಿಸಲಾಯಿತು, ಸುದೀರ್ಘವಾಗಿ ಚರ್ಚಿಸಲಾಯಿತು, ಸಾಲದ ಸ್ಥಿತಿಯನ್ನು ಗಮನಿಸಲಾಯಿತು. ಯಾರು ಚರ್ಚಿಸಿದರು, ಯಾರು ತೂಕಡಿಸಿದರು, ಯಾರು ವಿಮಾನಕ್ಕೆ ಹೊತ್ತಾಯಿತೆಂದು ಗಡಿಯಾರ ನೋಡಿದರು ಎಂಬುದನ್ನೆಲ್ಲ ಆ ‘ಲಾಯಿತು’ ನುಂಗಿ ನೀರು ಕುಡಿದಿರುತ್ತದೆ. ಇಂಗ್ಲಿಷಿನಲ್ಲಿ ಬರೆದರೂ ವ್ಯಾಕರಣ ಇದೇ. ಹತ್ತು ವರ್ಷ ಕಳೆದ ಮೇಲೆ ತನಿಖೆಗೆ ಬಂದವರು ಮೊದಲು ಹುಡುಕಬೇಕಾಗುವುದು ಕಾಣೆಯಾದ ಕರ್ತೃಪದವನ್ನು.

ಆಡಿದ ಮಾತೆಲ್ಲವನ್ನೂ ಬರೆಯಬೇಕೆಂದಿಲ್ಲ ಎನ್ನುವುದು ಸರಿಯೇ. ಆದರೆ ಮಾನಹಾನಿಕರವಾದದ್ದು, ಅಪ್ರಸ್ತುತವಾದದ್ದು, ಕಂಪನಿಯ ಹಿತಕ್ಕೆ ಧಕ್ಕೆ ತರುವಂಥದ್ದು ಎಂದು ಅಧ್ಯಕ್ಷರಿಗೆ ತೋರಿದ್ದನ್ನು ನಡಾವಳಿಯಿಂದ ಹೊರಗಿಡುವ ಸಂಪೂರ್ಣ ವಿವೇಚನೆಯನ್ನು ಅದೇ 118ನೇ ಕಲಮು ಅವರಿಗೇ ಒಪ್ಪಿಸಿದೆ. ಹಾಗಿರುವಾಗ ‘ಈ ದುಡ್ಡು ಎಲ್ಲಿ ಹೋಯಿತು?’ ಎಂದು ಯಾರಾದರೂ ಕೇಳಿದರೆಂದು ಇಟ್ಟುಕೊಳ್ಳಿ. ಆ ಪ್ರಶ್ನೆ ಕಂಪನಿಯ ಹಿತಕ್ಕೆ ಧಕ್ಕೆಯೋ ಅಲ್ಲವೋ ಎಂಬುದನ್ನು ತೀರ್ಮಾನಿಸುವವರು, ಕೆಲವೊಮ್ಮೆ, ದುಡ್ಡು ಎಲ್ಲಿ ಹೋಯಿತೆಂದು ಬಲ್ಲವರೇ ಆಗಿರುತ್ತಾರೆ.

ಸತ್ಯಂ ಕಂಪ್ಯೂಟರ್ಸಿನ ಕಥೆ ನಿಮಗೆ ಗೊತ್ತಿದೆ. 2008ರ ಸೆಪ್ಟೆಂಬರಿನಲ್ಲಿ ಅತ್ಯುತ್ತಮ ಕಾರ್ಪೊರೇಟ್ ಆಡಳಿತಕ್ಕಾಗಿ ಗೋಲ್ಡನ್ ಪೀಕಾಕ್ ಪ್ರಶಸ್ತಿ ಪಡೆದ ಕಂಪನಿ ಅದು. ಡಿಸೆಂಬರ್ 16ರಂದು, ಹಾರ್ವರ್ಡಿನ ಪ್ರಾಧ್ಯಾಪಕರೊಬ್ಬರನ್ನೂ ಒಳಗೊಂಡಿದ್ದ ಅದರ ಮಂಡಳಿಯು ಅಧ್ಯಕ್ಷರ ಕುಟುಂಬದ ಎರಡು ಮೇಟಾಸ್ ಕಂಪನಿಗಳನ್ನು 160 ಕೋಟಿ ಡಾಲರಿಗೆ ಕೊಳ್ಳಲು ಸರ್ವಾನುಮತದಿಂದ ಒಪ್ಪಿತು. ಸತ್ಯಂ ಎಂಬ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ಹಿಂದುಮುಂದಾಗಿ ಓದಿದರೆ ಮೇಟಾಸ್ ಆಗುತ್ತದೆ; ಇದಕ್ಕಿಂತ ಸ್ಪಷ್ಟವಾದ ಸೂಚನೆಯನ್ನು ಯಾವ ಕಳ್ಳನೂ ಬಾಗಿಲಿಗೆ ಅಂಟಿಸಿ ಹೋಗಲಾರ. ಹೂಡಿಕೆದಾರರು ಬೊಬ್ಬೆ ಹಾಕಿದ್ದರಿಂದ ಗಂಟೆಗಳೊಳಗೆ ಆ ನಿರ್ಧಾರ ಬಿದ್ದುಹೋಯಿತು. 2009ರ ಜನವರಿ 7ರಂದು ಅಧ್ಯಕ್ಷ ರಾಮಲಿಂಗ ರಾಜು ಪತ್ರ ಬರೆದು, ಲೆಕ್ಕದಲ್ಲಿರುವ ನಗದು ಮತ್ತು ಬ್ಯಾಂಕ್ ಠೇವಣಿಯ ಪೈಕಿ 5,040 ಕೋಟಿ ರೂಪಾಯಿ ಇಲ್ಲವೇ ಇಲ್ಲವೆಂದು ಒಪ್ಪಿಕೊಂಡರು. ಆಗ ಜಾರಿಯಲ್ಲಿದ್ದ 1956ರ ಕಾಯ್ದೆಯೂ ನಡಾವಳಿಗೆ ಪುಟಸಂಖ್ಯೆ ಬೇಕೆಂದೇ ಹೇಳುತ್ತಿತ್ತು. ಐದು ಸಾವಿರ ಕೋಟಿಯ ಗುಂಡಿಯನ್ನು ಪ್ರತಿ ತ್ರೈಮಾಸಿಕವೂ ‘ಗಮನಿಸಿ’ ದಾಟಿಹೋದವರ ಬಗ್ಗೆ ತಮಾಷೆ ಮಾಡಲು ನನಗೆ ಈಗಲೂ ಆಗುವುದಿಲ್ಲ. ಅದು ನಾಚಿಕೆಗೇಡು, ಅಷ್ಟೆ.

ಈಗಂತೂ ಸಭೆಗಳು ಪರದೆಯ ಮೇಲೆ ನಡೆಯುತ್ತವೆ. ಪ್ರತಿಯೊಬ್ಬ ನಿರ್ದೇಶಕರೂ ತಮ್ಮ ಹೆಸರು ಮತ್ತು ತಾವಿರುವ ಸ್ಥಳವನ್ನು ಹೇಳಿ, ತಮ್ಮ ಕೋಣೆಯಲ್ಲಿ ಬೇರಾರೂ ಈ ಕಲಾಪವನ್ನು ಕೇಳುತ್ತಿಲ್ಲವೆಂದು ಖಚಿತಪಡಿಸಬೇಕು. ಕಲಾಪ ದೃಶ್ಯ ಸಮೇತ ಮುದ್ರಣವಾಗುತ್ತದೆ. ಅಂದರೆ ಕರ್ತೃಪದ ಕೊನೆಗೂ ಮುಖ ಸಹಿತ ಸಿಕ್ಕಿದೆ. ಆದರೆ ಆ ಮುದ್ರಿಕೆಯನ್ನು ಆ ವರ್ಷದ ಆಡಿಟ್ ಮುಗಿಯುವವರೆಗೆ ಇಟ್ಟುಕೊಂಡರೆ ಸಾಕು. ‘ಲಾಯಿತು’ಗಳ ಪುಸ್ತಕವನ್ನು ಮಾತ್ರ ಶಾಶ್ವತವಾಗಿ ಕಾಪಾಡಬೇಕು.

ಪಿಂಚಣಿಯ ಹಣದಲ್ಲಿ ನೂರು ಷೇರು ಕೊಂಡವನು ಷೇರುದಾರರ ಮಹಾಸಭೆಯ ನಡಾವಳಿಯನ್ನು ದಿನಕ್ಕೆ ಕನಿಷ್ಠ ಎರಡು ಗಂಟೆ ಕಾಲ ಪುಕ್ಕಟೆಯಾಗಿ ನೋಡಬಹುದು. ಅಲ್ಲಿ ಏನು ನಡೆಯಿತೆಂದು, ಸಭಾಂಗಣದಲ್ಲೇ ಕುಳಿತು ಕಾಫಿ ಕುಡಿದಿದ್ದ ಅವನಿಗೆ ಮೊದಲೇ ಗೊತ್ತಿರುತ್ತದೆ. ಮಂಡಳಿಯ ನಡಾವಳಿಯನ್ನು ನೋಡುವ ಹಕ್ಕು ಅವನಿಗಿಲ್ಲ. ಅದರ ಪುಟಗಳಿಗೆ ಸಂಖ್ಯೆ ಬಿದ್ದಿದೆಯೇ ಎಂಬುದನ್ನು ಅವನ ಪರವಾಗಿ ಸರ್ಕಾರವೇ ನೋಡಿಕೊಳ್ಳುತ್ತದೆ.