ಕೂಲರ್ ಹಿಂದಿನ ಇಲಿ

ಕಲಬುರಗಿಯಲ್ಲಿ ಬೇಸಿಗೆ ಬಂತೋ ಇಲ್ಲವೋ ಅಂತ ಯಾರೂ ಕ್ಯಾಲೆಂಡರ್ ನೋಡುವುದಿಲ್ಲ. ಮಾಳಿಗೆ ಮೇಲಿನ ಕೂಲರ್ ಕೆಳಗೆ ಇಳಿಯಿತು ಅಂದರೆ ಬಂತು. ನಮ್ಮ ಮನೆಯಲ್ಲಿ ಅದು ಶರಣಬಸವೇಶ್ವರ ಜಾತ್ರೆ ಹೊತ್ತಿಗೆ ಇಳಿಯುತ್ತದೆ. ಈ ಸಲವೂ ಹಳೇ ಹುಲ್ಲು ಕಿತ್ತು, ಹೊಸ ಹುಲ್ಲು ತುಂಬಿ, ನೀರು ಹಾಕಿ ಶುರು ಮಾಡಿದೆವು. ಎರಡು ದಿನ ಮನೆ ತುಂಬಾ ಒದ್ದೆ ಹುಲ್ಲಿನ ತಂಪು ವಾಸನೆ. ಮೂರನೇ ದಿನ ಬೇರೆ ಏನೋ ಬಂತು.

"ಇಲಿ ಸತ್ತದ," ಎಂದರು ನಮ್ಮ ಅತ್ತೆ.

ಅವರ ಮೂಗನ್ನು ನಾವು ಯಾರೂ ಪ್ರಶ್ನಿಸುವುದಿಲ್ಲ. ಎರಡು ಮನೆ ಆಚೆ ಬೇಳೆ ಸೀದರೆ, ಇಲ್ಲೇ ಕೂತು ತೊಗರಿಯೋ ಹೆಸರೋ ಹೇಳುವವರು ಅವರು. ಹಾಗಾಗಿ ಭಾನುವಾರ ಇಲಿ ಹುಡುಕುವ ಕೆಲಸ ಶುರುವಾಯಿತು. ತೊಗರಿ ಬೇಳೆ ಚೀಲ ಎತ್ತಿ ನೋಡಿದೆವು. ಮಂಚದ ಕೆಳಗಿನಿಂದ ಒಂಟಿ ಚಪ್ಪಲಿ, ರಿಮೋಟಿನ ಸೆಲ್ಲು, ನನ್ನ ಕಳೆದುಹೋದ ಒಂದು ಪಿನ್ನು ಸಿಕ್ಕವು. ಇಲಿ ಸಿಗಲಿಲ್ಲ. ಕೊನೆಗೆ ಕೂಲರ್ ನೀರೇ ಕೊಳೆತಿದೆ ಅಂತ ತೀರ್ಮಾನವಾಗಿ ಅದನ್ನೂ ಚೆಲ್ಲಿದೆವು. ನಾಲ್ಕು ದಿನಕ್ಕೊಮ್ಮೆ ಬರುವ ನಳದ ನೀರು ಅದು, ಕರುಳು ಚುರ್ ಅಂದಿತು. ಶಹಾಬಾದ್ ಕಲ್ಲಿನ ನೆಲದ ಮೇಲೆ ಆ ನೀರು ಹರಿದು, ನಮ್ಮ ಮನೆಯವರು ಜಾರಿ ಬಿದ್ದು, ಆಮೇಲೆ ಇಡೀ ದಿನ ಅವರ ಸೊಂಟದ ಮಾತೇ ಆಯಿತು.

ವಿಚಿತ್ರ ಏನಂದರೆ, ಕೂಲರ್ ನಿಲ್ಲಿಸಿದರೆ ನಾತ ಕಡಿಮೆ, ಹಚ್ಚಿದರೆ ಮನೆಯ ಮೂಲೆಮೂಲೆಗೂ ನಾತ. "ಮೋಟರ್ ಸುಡ್ಲಕತ್ತದ," ಎಂದರು ಮನೆಯವರು, ಮಲಗಿದಲ್ಲಿಂದಲೇ. ಮರುದಿನ ಸಂಜೆ ಮೆಕ್ಯಾನಿಕ್ ಬಂದ. ಬಿಚ್ಚಿದ, ಎಣ್ಣೆ ಬಿಟ್ಟ, ಇನ್ನೂರು ರೂಪಾಯಿ ಜೇಬಿಗೆ ಹಾಕಿದ. ಹೋಗುವಾಗ ಬಾಗಿಲಲ್ಲಿ ನಿಂತು ಮೆಲ್ಲಗೆ ಹೇಳಿದ.

"ಅಕ್ಕಾರ, ಮಷೀನ್ ಚಲೋ ಅದ. ಗಾಳಿ ಮುಂದ ಯಾರು ಮಲಗ್ಯಾರ ನೋಡ್ರಿ."

ತಿರುಗಿ ನೋಡಿದೆ. ಕೂಲರಿನ ಎದುರಿಗೆ, ಚಾಪೆ ಮೇಲೆ, ಹನ್ನೊಂದು ವರ್ಷದ ನಮ್ಮ ಮಗರಾಯ. ಮೂರು ದಿನದಿಂದ ಮೈಮೇಲಿದ್ದ ಪಾಲಿಯೆಸ್ಟರ್ ಕ್ರಿಕೆಟ್ ಜರ್ಸಿ. ಎರಡೂ ಕೈ ತಲೆಯ ಮೇಲೆ ಚಾಚಿ ಸುಖವಾಗಿ ನಿದ್ದೆ ಹೊಡೆಯುತ್ತಿದ್ದ.

ಇಲಿ ಸಿಕ್ಕಿತು. ಈಗ ಇಲಿಗೆ ಹೇಳುವವರು ಯಾರು?

"ನೀ ಹೇಳು, ತಾಯಿ ಇದ್ದಿ," ಎಂದರು ಇವರು. "ಗಂಡು ಹುಡುಗ, ನೀವೇ ಹೇಳ್ರಿ," ಎಂದೆ ನಾನು. ಕೊನೆಗೆ ಇವರೇ ಅವನನ್ನು ಸ್ಕೂಟರ್ ಮೇಲೆ ಅಪ್ಪನ ಕೆರೆ ಕಡೆ ಕರೆದುಕೊಂಡು ಹೋದರು. ಒಂದೂವರೆ ತಾಸು ಬಿಟ್ಟು ಇಬ್ಬರೂ ಮಿರ್ಚಿ ಭಜಿಯ ಎಣ್ಣೆ ಮೆತ್ತಿದ ತುಟಿ ಹೊತ್ತು ಬಂದರು.

"ಹೇಳಿದ್ರಾ?"

"ಸೂಕ್ಷ್ಮದಾಗ ಹೇಳೀನಿ. ಮನುಷ್ಯ ಸ್ವಚ್ಛ ಇರಬೇಕು ಅಂದೆ."

ಒಳಗೆ ಹೋಗಿ ನೋಡಿದರೆ ಮಗ ಪಾಟಿಚೀಲ ಸ್ವಚ್ಛ ಮಾಡುತ್ತಿದ್ದ! ಸೂಕ್ಷ್ಮದಲ್ಲಿ ಹೇಳಿದರೆ ಹೀಗೇ ಆಗೋದು.

ನಾನು ನೇರವಾಗಿ ಹೇಳಿದೆ. "ಮಗಾ, ನಿನ್ನ ಕಂಕುಳ ನಾತ ಬರ್ಲಕತ್ತದ." ಮುಖ ಕೆಂಪಾಯಿತು. ತಕ್ಷಣ ಕುತ್ತಿಗೆ ಬಗ್ಗಿಸಿ ಮೂಸಿ ನೋಡಿದ. "ನನಗೇನೂ ಬರಲ್ಲ." ಬರುವುದಿಲ್ಲ, ನಿಜ. ಒಂದೇ ವಾಸನೆಯಲ್ಲಿ ಸ್ವಲ್ಪ ಹೊತ್ತು ಇದ್ದರೆ ಮೂಗು ಅದನ್ನು ಲೆಕ್ಕಕ್ಕೆ ಹಿಡಿಯುವುದನ್ನೇ ಬಿಡುತ್ತದೆ. ಅದಕ್ಕೇ ಪಕ್ಕದವರು ಬೇಕಾಗುತ್ತಾರೆ, ಅಲ್ವಾ?

"ನನಗ ಏನರ ಆಗ್ಯಾದೇನು?" ಅಂತ ಕೇಳಿದ. ಆ ದನಿ ಕೇಳಿ ನನಗೇ ಪಾಪ ಅನಿಸಿತು. ಏನೂ ಆಗಿಲ್ಲ, ದೊಡ್ಡವನಾಗುತ್ತಿದ್ದಿ ಅಷ್ಟೇ, ಎಂದೆ. ಸಣ್ಣ ಮಕ್ಕಳ ಬೆವರು ಬರೀ ಉಪ್ಪು ನೀರು. ಎಷ್ಟು ಓಡಿದರೂ ಅಂಥ ವಾಸನೆ ಇಲ್ಲ. ಹುಡುಗರು 9ರಿಂದ 14 ವರ್ಷದೊಳಗೆ ಬೆಳೆಯಲು ಶುರು ಮಾಡಿದಾಗ ಕಂಕುಳಲ್ಲಿ ಅಲ್ಲಿವರೆಗೆ ಮಲಗಿದ್ದ ಬೇರೆ ಗ್ರಂಥಿಗಳು ಎದ್ದು ಕೂಡುತ್ತವೆ. ಹುಡುಗಿಯರಲ್ಲಿ ಇದು ಸ್ವಲ್ಪ ಮೊದಲೇ. ಆ ಗ್ರಂಥಿಗಳ ಬೆವರು ಜಿಡ್ಡು ಜಿಡ್ಡು. ಅದಕ್ಕೂ ತಾನಾಗಿ ವಾಸನೆ ಇಲ್ಲ. ಚರ್ಮದ ಮೇಲಿನ ಬ್ಯಾಕ್ಟೀರಿಯಾ ಅದನ್ನು ತಿಂದು ಜೀರ್ಣ ಮಾಡಿಕೊಂಡಾಗ ಬರುವುದೇ ಈ ನಾತ.

ಬ್ಯಾಕ್ಟೀರಿಯಾ ಊಟ ಮಾಡುತ್ತವೆ ಅನ್ನೋದು ಅವನಿಗೆ ಭಾರಿ ಹಿಡಿಸಿತು. "ಮೀಸಿ ಯಾವಾಗ ಬರ್ತದ?" ಅಂತಲೂ ಕೇಳಿದ. ಏಳು ವರ್ಷದ ತಂಗಿ ಓಡಿ ಬಂದು, "ನನಗೂ ನಾತ ಬರ್ಲಕತ್ತದ, ನಾನೂ ದೊಡ್ಡಾಕಿ," ಎಂದಳು. ನಾನು ಒಂದು ಕ್ಷಣ ಹೌಹಾರಿದೆ. ಹುಡುಗಿಯರಿಗೆ ಎಂಟು, ಹುಡುಗರಿಗೆ ಒಂಬತ್ತು ತುಂಬುವ ಮೊದಲೇ ಇಂಥ ವಾಸನೆ ಶುರುವಾದರೆ ಮಕ್ಕಳ ಡಾಕ್ಟರಿಗೆ ತೋರಿಸಬೇಕು. ಮೂಸಿ ನೋಡಿದೆ. ಮಾವಿನಕಾಯಿ ಉಪ್ಪಿನಕಾಯಿ. ಅಂಗಿಗೆ ಕೈ ಒರೆಸಿಕೊಂಡಿದ್ದಳು.

ದಿನಾ ಸ್ನಾನ ಮಾಡುವ ಹುಡುಗನಿಗೆ ಹೀಗೇಕೆ ಅನ್ನೋದು ಬಚ್ಚಲಲ್ಲಿ ಗೊತ್ತಾಯಿತು. ಸಾಬೂನು ಹೋದ ವಾರ ಹೇಗಿತ್ತೋ ಹಾಗೇ ಒಣಗಿ ಬಿರುಕು ಬಿಟ್ಟಿತ್ತು. ಇವನ ಸ್ನಾನ ಅಂದರೆ ತಲೆ ಮೇಲೆ ನಾಲ್ಕು ತಂಬಿಗೆ ನೀರು, ಕೈ ಎರಡೂ ಮೈಗೆ ಅಂಟಿಸಿಕೊಂಡು. ಕಂಕುಳಿಗೆ ಹನಿ ನೀರೂ ಮುಟ್ಟಿರಲಿಲ್ಲ. ಜರ್ಸಿಯ ಕಥೆ ಇನ್ನೊಂದು. ಪಾಲಿಯೆಸ್ಟರ್ ಬಟ್ಟೆ ಈ ನಾತವನ್ನು ಸುಮ್ನೆ ಬಿಡುವುದಿಲ್ಲ. ಒಗೆದು ಒಣಗಿಸಿ ಹಾಕಿಕೊಂಡು ಹತ್ತು ನಿಮಿಷ ಬೆವರಿದರೆ ಮತ್ತೆ ಹಾಜರ್. ಈಗ ಅದನ್ನು ಒಳಗಿನದು ಹೊರಗೆ ಮಾಡಿ, ಅಡುಗೆ ಸೋಡಾ ನೀರಲ್ಲಿ ನೆನೆಸಿ, ಒಗೆದು ಮಾಳಿಗೆ ಮೇಲೆ ಹಾಕುತ್ತೇನೆ. ನಮ್ಮೂರ ಬಿಸಿಲಿಗೂ ಒಂದು ಕೆಲಸ ಸಿಕ್ಕಿತು.

ಇನ್ನು ಮದ್ದು. ಇವರು ಎಲ್ಲೋ ಕೇಳಿ ಬಂದು ಲಿಂಬೆಹಣ್ಣು ಉಜ್ಜಿಸಿದರು. ಹುಡುಗ ಮೊದಲೇ ಕೆರೆದುಕೊಂಡಿದ್ದ. ಅವನು ಕಿರುಚಿದ್ದು ಸ್ಟೇಷನ್ ತನಕ ಕೇಳಿರಬೇಕು. ಮರುದಿನ ಅಪ್ಪನ ಸ್ಪ್ರೇ ತಾನೇ ತೆಗೆದುಕೊಂಡು ಅಂಗಿ, ಚಡ್ಡಿ, ಪಾಟಿಚೀಲ ಎಲ್ಲಕ್ಕೂ ಹೊಡೆದು ಸಾಲಿಗೆ ಹೋದ. ಸಂಜೆ ಆಟೋದವರು ಅಲವತ್ತುಕೊಂಡರು. "ಅಕ್ಕಾರ, ಹುಡುಗನ್ನ ಮುಂದ ಕೂಡ್ಸಿದ್ರ ನನಗ ಸೀನು ಬರ್ತಾವ, ಹಿಂದ ಕೂಡ್ಸಿದ್ರ ಹುಡುಗರು ಜಗಳ ತೆಗೀತಾವ." ಡಿಯೋಡರೆಂಟ್ ಬೆವರನ್ನು ನಿಲ್ಲಿಸುವುದಿಲ್ಲ. ಬ್ಯಾಕ್ಟೀರಿಯಾ ಸ್ವಲ್ಪ ಕಡಿಮೆ ಮಾಡಿ, ನಾತದ ಮೇಲೆ ಸುವಾಸನೆ ಹೊದಿಸುತ್ತದೆ ಅಷ್ಟೇ. ಬೆವರನ್ನೇ ತಡೆಯುವುದು ಅಲ್ಯುಮಿನಿಯಂ ಇರುವ ಆಂಟಿಪರ್ಸ್ಪಿರಂಟ್. ತೊಳೆಯದ ಕಂಕುಳ ಮೇಲೆ ಸ್ಪ್ರೇ ಹೊಡೆದರೆ ಎರಡೂ ಸೇರಿ ಮೂರನೇ ವಾಸನೆ ಹುಟ್ಟುತ್ತದೆ. ಅದಕ್ಕೆ ಇನ್ನೂ ಹೆಸರಿಲ್ಲ.

ಅತ್ತೆ ಇದನ್ನೆಲ್ಲ ನೋಡಿ ನೋಡಿ ಬೇಸತ್ತು ಒಂದು ಪಟಿಕದ ತುಂಡು ತಂದುಕೊಟ್ಟರು. ಕಟಿಂಗ್ ಅಂಗಡಿಯಲ್ಲಿ ದಾಡಿ ಆದ ಮೇಲೆ ಕೆನ್ನೆಗೆ ಉಜ್ಜುತ್ತಾರಲ್ಲ, ಅದೇ ಕಲ್ಲು. "ನಿಮ್ಮ ಮುತ್ಯಾ ಇದೇ ಹಚ್ಚತಿದ್ದರು," ಎಂದರು. ಮುತ್ಯಾನ ಹೆಸರು ಬಂದ ಮೇಲೆ ಮೊಮ್ಮಗ ತಕರಾರು ಮಾಡಲಿಲ್ಲ. ಸಾಬೂನು ಹಚ್ಚಿ ತೊಳೆಯೋದು, ಪೂರ್ತಿ ಒಣಗಿಸೋದು, ಒದ್ದೆ ಮಾಡಿದ ಕಲ್ಲು ಒಂದೆರಡು ಸಲ ಸವರೋದು. ಒಣಗಿಸಲು ಅವನೇ ದಾರಿ ಕಂಡುಕೊಂಡ. ಸ್ನಾನ ಮುಗಿಸಿ ಟವೆಲ್ ಸುತ್ತಿಕೊಂಡು ಕೂಲರ್ ಮುಂದೆ ಎರಡೂ ಕೈ ಎತ್ತಿ ನಿಲ್ಲುವುದು. ಅದು ಬಿಟ್ಟು ಬೇರೆ ಯಾವ ಕೆಲಸವನ್ನೂ ಅವನು ಅಷ್ಟು ಶ್ರದ್ಧೆಯಿಂದ ಮಾಡಿದ್ದು ನಾನು ಕಂಡಿಲ್ಲ.

ಹಾಗೆ ನಿಂತಿದ್ದಾಗಲೇ ಒಂದು ಬೆಳಿಗ್ಗೆ ಎದುರು ಮನೆಯವರು ಹೆಪ್ಪು ಕೇಳಲು ಬಂದರು. ಒಳಗೆ ಇಣುಕಿದರು. ಇವರು ಪೇಪರ್ ಓದುತ್ತಾ ಕುರ್ಚಿಯಲ್ಲಿ ಕೂತಿದ್ದರು, ಮಗ ಗೋಡೆ ಕಡೆ ಮುಖ ಮಾಡಿ ಕೈ ಎತ್ತಿ ನಿಂತಿದ್ದ, ಪಕ್ಕದಲ್ಲಿ ತಂಗಿಯೂ ಸುಮ್ನೆ ಕೈ ಎತ್ತಿ ನಿಂತಿದ್ದಳು.

"ಅಯ್ಯ, ಮಕ್ಕಳು ಏನ್ ತಪ್ಪು ಮಾಡ್ಯಾವ್ರಿ? ಬರೇ ಮೈಯಲ್ಲಿ ನಿಲ್ಲಿಸೀರಿ! ಸಾಕು, ಬಿಡ್ರಿ ಅಣ್ಣಾರ."

ಇವರು ಪೇಪರ್ ಇಳಿಸಿ ಬಾಯಿ ತೆರೆಯುವಷ್ಟರಲ್ಲಿ ಮಗ ತಿರುಗದೆಯೇ ಹೇಳಿದ, "ಇನ್ನಾ ಎರಡು ನಿಮಿಷ ಅದ ಆಂಟಿ." ಅವರು ಹೆಪ್ಪು ಮರೆತು ಹೋದರು. ಸಂಜೆಯೊಳಗೆ ನಮ್ಮ ಮನೆಯವರು ಮಕ್ಕಳಿಗೆ ಶಿಕ್ಷೆ ಕೊಡುವ ಸುದ್ದಿ ಓಣಿ ತುಂಬಾ ಆಗಿತ್ತು. ಒಂದು ವಾರ ಇವರು ತಲೆ ತಗ್ಗಿಸಿ ಸ್ಕೂಟರ್ ಹೊರಗೆ ತೆಗೆದರು.

ಮೊನ್ನೆ ಅವರೇ ಮತ್ತೆ ಬಂದರು. ಕೈಯಲ್ಲಿ ಬಟ್ಟಲು ಇರಲಿಲ್ಲ. ಆ ಕಡೆ ಈ ಕಡೆ ನೋಡಿ ನನ್ನ ಹತ್ತಿರ ಸರಿದು ಪಿಸುಗುಟ್ಟಿದರು.

"ಕೂಲರ್ ಎಷ್ಟರ ಮ್ಯಾಲ ಇಡ್ತೀರಿ? ಎರಡೋ, ಮೂರೋ?"

ಅವರ ಹಿಂದೆ, ಹೊಸ್ತಿಲ ಆಚೆ, ಎರಡೂ ಕೈ ಪಕ್ಕೆಗೆ ಬಿಗಿಯಾಗಿ ಒತ್ತಿಕೊಂಡು ಅವರ ಮಗ ನಿಂತಿದ್ದ.